ಕೊಡದ ಕೊಡೆ

ಆಟದೊಳಗೆ ಮಳೆ ಹಿಡಿದಿತ್ತು. ರೈಲು ನಿಲ್ದಾಣದ ಸೂರಿನಡಿ ಒಬ್ಬ ಹುಡುಗಿ ನಿಂತಿದ್ದಳು. ನನ್ನ ಪಾತ್ರದ ಕೈಯಲ್ಲಿ ಕೊಡೆ. ಪರದೆಯ ಮೇಲೆ ಎರಡು ಬಟನ್ ಬಂದವು. ಕೊಡೆ ಅವಳಿಗೆ ಕೊಡಬಹುದು, ಇಲ್ಲವೇ ಸುಮ್ಮನೆ ನಡೆದುಹೋಗಬಹುದು. ಮೊದಲ ಸಲ ಆಡಿದಾಗ ಕೊಟ್ಟಿದ್ದೆ. ಈ ಸಲ ಬೇಕೆಂದೇ ಕೊಡಲಿಲ್ಲ. ಕೊಡದಿದ್ದರೆ ಕಥೆ ಎತ್ತ ಹೋಗುತ್ತದೆ ಅಂತ ನೋಡುವುದೇ ಆ ರಾತ್ರಿಯ ಕೆಲಸವಾಗಿತ್ತು.

ಅಲ್ಲಿಂದ ಬಹಳ ಮುಂದೆ, ಮೂರನೇ ಅಧ್ಯಾಯದಲ್ಲಿ, ಅದೇ ಹುಡುಗಿ ಮೆಟ್ಟಿಲ ಮೇಲೆ ಕೂತು ಹೇಳಿದಳು: "ಅವತ್ತು ನೀನು ಕೊಡೆ ಕೊಡದೆ ಇದ್ದಿದ್ದರೆ ನಾನು ಮನೆಗೆ ವಾಪಸ್ ಹೋಗ್ತಾನೇ ಇರಲಿಲ್ಲ."

ನಾನು ಕೊಡೆ ಕೊಟ್ಟಿರಲಿಲ್ಲ.

ಆ ಮಾತನ್ನು ಎಷ್ಟು ಚೆನ್ನಾಗಿ ಬರೆದಿದ್ದರು ಅಂದರೆ, ಒಂದು ಗಳಿಗೆ ನಾನೇ ಮರೆತೆನೇನೋ ಅನ್ನಿಸಿತು. ಮೌಸಿನ ಚಕ್ರ ತಿರುಗಿಸಿ ಹಿಂದೆ ಹೋಗಿ ನೋಡೋಣ ಅಂದುಕೊಂಡೆ. ಆದರೆ ಹಿಂದೆ ಸರಿಯುವುದಕ್ಕೂ ಮಿತಿ ಇದೆ. ಈ ಆಟ ತಯಾರಾಗಿದ್ದ ರೆನ್‌ಪೈ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಮಾಡಿದವರು ಬೇರೆ ಏನೂ ಬದಲಿಸದಿದ್ದರೆ, ಆಡುವವರು 100 ಹೆಜ್ಜೆ ಮಾತ್ರ ಹಿಂದಕ್ಕೆ ಹೋಗಬಹುದು. ಹಾಗಾಗಿ ಆಯ್ಕೆಗೆ ಮುಂಚೆ ಆಟವನ್ನು ಅಲ್ಲಿಗೇ ಉಳಿಸಿಟ್ಟಿದ್ದ ಸೇವ್ ತೆರೆದೆ. ಮತ್ತೆ ಕೊಡೆ ಕೊಡದೆ ಹೊರಟೆ. ಓದಿದ ಸಾಲುಗಳನ್ನೆಲ್ಲ ಕಂಟ್ರೋಲ್ ಒತ್ತಿ ಹಿಡಿದು ಓಡಿಸಿದೆ. ಮೆಟ್ಟಿಲು ಬಂತು. ಹುಡುಗಿ ಮತ್ತೆ ಅದನ್ನೇ ಹೇಳಿದಳು.

ಎಸ್ ಒತ್ತಿ ಸ್ಕ್ರೀನ್‌ಶಾಟ್ ತೆಗೆದೆ. ನೋಟ್‌ಬುಕ್ಕಿನಲ್ಲಿ ಬರೆದೆ: "ಅಧ್ಯಾಯ 3, ಮೆಟ್ಟಿಲು. ಕೊಡದ ಕೊಡೆಗೆ ಕೃತಜ್ಞತೆ. ಎರಡು ಸಲ ನೋಡಿದೆ. ಓದಿದಾಗ ತಪ್ಪಿತಸ್ಥಳ ಹಾಗೆ ಅನ್ನಿಸಿತು."

ಮೈಸೂರಿನಲ್ಲಿ ಲೆಕ್ಕಪತ್ರದ ಕೆಲಸ ನನ್ನದು. ರಾತ್ರಿ ಊಟ ಆದ ಮೇಲೆ, ಬೇರೆಯವರು ಮಾಡುತ್ತಿರುವ ವಿಶುವಲ್ ನಾವೆಲ್‌ಗಳನ್ನು ಬಿಡುಗಡೆಗೆ ಮುಂಚೆ ಆಡಿ, ಏನನ್ನಿಸಿತು ಅಂತ ಬರೆದು ಕೊಡುತ್ತೇನೆ. ಇದಕ್ಕೆ ದುಡ್ಡಿಲ್ಲ. ಆಟ ಮುಗಿದಾಗ ಕೊನೆಯ ಹೆಸರುಗಳ ಪಟ್ಟಿಯಲ್ಲಿ ನನ್ನದೂ ಒಂದು ಬರುತ್ತದೆ, ಅಷ್ಟೇ. ಆದರೂ ನಾನು ಮಾಡುವ ಕೆಲಸಗಳಲ್ಲಿ ನನಗೆ ತುಂಬಾ ಹತ್ತಿರವಾದದ್ದು ಇದು.

ವಿಶುವಲ್ ನಾವೆಲ್ ಅಂದರೆ ಏನು ಅಂತ ನಮ್ಮ ಮನೆಯಲ್ಲಿ ಇನ್ನೂ ಕೇಳುತ್ತಾರೆ. ಓದುವ ಆಟ ಅಂತ ಹೇಳುತ್ತೇನೆ. ಹಿಂದೆ ಒಂದು ಜಾಗದ ಚಿತ್ರ. ಅದರ ಮುಂದೆ ನಿಂತ ಪಾತ್ರ. ಕೆಳಗೆ ಒಂದು ಪಟ್ಟಿಯಲ್ಲಿ ಮಾತು. ಒಂದೊಂದು ಸಲ ಕ್ಲಿಕ್ ಮಾಡಿದಾಗ ಒಂದೊಂದು ಸಾಲು. ಹಿನ್ನೆಲೆಯಲ್ಲಿ ಸಂಗೀತ. ಆಗಾಗ ಕಥೆ ನಿಂತು, ಈಗ ಏನು ಮಾಡ್ತೀಯ ಅಂತ ಕೇಳುತ್ತದೆ. ನೀವು ಹೇಳಿದ ಹಾಗೆ ಅದು ತಿರುಗುತ್ತದೆ. ಇದು ಬೆಳೆದದ್ದು ಜಪಾನಿನಲ್ಲಿ. 1992ರಲ್ಲಿ ಚುನ್‌ಸಾಫ್ಟ್ ಕಂಪನಿ ಸೂಪರ್ ಫ್ಯಾಮಿಕಾಮ್ ಅನ್ನುವ ಆಟದ ಯಂತ್ರಕ್ಕೆ ತಂದ ಒಟೊಗಿರಿಸೊ ಅನ್ನುವ ಆಟವನ್ನು ಸೌಂಡ್ ನಾವೆಲ್ ಅಂತ ಕರೆದರು. 1996ರಲ್ಲಿ ಲೀಫ್ ಅನ್ನುವ ಕಂಪನಿ ತನ್ನ ಸರಣಿಗೆ ವಿಶುವಲ್ ನಾವೆಲ್ ಅಂತ ಹೆಸರಿಟ್ಟಿತು. ಆ ಹೆಸರೇ ಉಳಿಯಿತು.

ನನ್ನಂಥವರ ತನಕ ಇದು ಬಂದದ್ದು ರೆನ್‌ಪೈ ಇಂದ. ಟಾಮ್ ರೋಥಮೆಲ್ ಅನ್ನುವವರು 2004ರಲ್ಲಿ ಅದನ್ನು ಹೊರತಂದರು. ಜಪಾನೀ ಭಾಷೆಯಲ್ಲಿ ಪ್ರೇಮಕ್ಕೆ ಇರುವ ರೆನ್‌ಆಯ್ ಅನ್ನುವ ಪದವನ್ನೂ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಹೆಸರನ್ನೂ ಸೇರಿಸಿ ಮಾಡಿದ ಹೆಸರು ಅದು. ಪೂರ್ತಿ ಉಚಿತ. ನಾಟಕದ ಹಸ್ತಪ್ರತಿ ಬರೆದ ಹಾಗೆಯೇ ಅದರಲ್ಲಿ ಬರೆಯುತ್ತಾರೆ: ಪಾತ್ರದ ಹೆಸರು, ಪಕ್ಕದಲ್ಲಿ ಮಾತು. ಹಾಗಾಗಿ ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಮನೆಯಲ್ಲಿ ಕೂತು ಒಂದು ಆಟ ಮಾಡಬಹುದು. 2017ರಲ್ಲಿ ಎಲ್ಲರ ಬಾಯಲ್ಲಿದ್ದ ಡೋಕಿ ಡೋಕಿ ಲಿಟರೇಚರ್ ಕ್ಲಬ್ ಕೂಡ ರೆನ್‌ಪೈನಲ್ಲೇ ಆದದ್ದು. 2005ರಿಂದ ಪ್ರತಿ ಮಾರ್ಚ್‌ನಲ್ಲಿ ನ್ಯಾನೊರೆನೊ ನಡೆಯುತ್ತದೆ. ಒಂದೇ ತಿಂಗಳಲ್ಲಿ ಒಂದು ವಿಶುವಲ್ ನಾವೆಲ್ ಮುಗಿಸಬೇಕು. ಆ ದಿನಗಳಲ್ಲಿ ಆಡಿ ನೋಡುವವರು ಎಷ್ಟು ಜನ ಇದ್ದರೂ ಸಾಲುವುದಿಲ್ಲ. ನಾನು ಒಳಗೆ ಬಂದದ್ದು ಹಾಗೆಯೇ.

ಮೊದಲನೇ ಆಟ ಒಂದು ಗಂಟೆಯದ್ದು. ನನಗೆ ಇಷ್ಟವಾಗಿತ್ತು. "ತುಂಬಾ ಚೆನ್ನಾಗಿದೆ, ಚಿತ್ರಗಳು ಸುಂದರವಾಗಿವೆ, ಕೊನೆಯಲ್ಲಿ ಅಳು ಬಂತು" ಅಂತ ನಾಲ್ಕು ಸಾಲು ಬರೆದು ಕಳಿಸಿದೆ. ಮಾಡಿದವರು ಥ್ಯಾಂಕ್ಸ್ ಹೇಳಿ, ಕೆಳಗೆ ಒಂದೇ ಒಂದು ಪ್ರಶ್ನೆ ಕೇಳಿದ್ದರು: "ನಿಮಗೆ ಎಲ್ಲಿ ಬೇಜಾರಾಯ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇಜಾರಾಗಿತ್ತು, ಆದರೆ ಎಲ್ಲಿ ಅಂತ ನೆನಪಿರಲಿಲ್ಲ. ಆಟ ಮುಗಿದ ಮೇಲೆ ಕೊನೆಯ ದೃಶ್ಯ ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ನಡುವಿನದೆಲ್ಲ ಅದರ ಬಣ್ಣದಲ್ಲಿ ಅದ್ದಿಹೋಗಿರುತ್ತದೆ.

ಎರಡನೇ ಆಟಕ್ಕೆ ಇದರ ಉಲ್ಟಾ ಮಾಡಿದೆ. 14 ಪುಟ ಬರೆದೆ. ಈ ಮಾತು ಹೀಗಿರಬೇಕು, ಆ ದೃಶ್ಯ ತೆಗೆಯಬೇಕು, ನಾಯಕನ ಅಣ್ಣ ಕೊನೆಯಲ್ಲಿ ಬದುಕಬೇಕು. ಕೆಲವು ಸಂಭಾಷಣೆಗಳನ್ನು ನಾನೇ ಹೊಸದಾಗಿ ಬರೆದೂ ಕಳಿಸಿದೆ. ಬರೆಯುವಾಗ ಪ್ರೀತಿಯಿಂದಲೇ ಬರೆದಿದ್ದೆ. ಒಂದು ತಿಂಗಳು ಉತ್ತರ ಬರಲಿಲ್ಲ. ಆಮೇಲೆ ಬಂದ ಕಾಗದ ಚಿಕ್ಕದು. ಆ ಅಣ್ಣ ಅವರ ಸ್ವಂತ ಅಣ್ಣನೇ ಅಂತೆ. ಓದಿ ಮುಗಿಸಿ ಎಷ್ಟೋ ಹೊತ್ತು ಲ್ಯಾಪ್‌ಟಾಪ್ ಮುಚ್ಚದೆ ಕೂತಿದ್ದೆ. ಕ್ಷಮೆ ಕೇಳಿದೆ. ಅವರು ಒಳ್ಳೆಯ ಮಾತಾಡಿದರು. ಆದರೆ ಆ ಆಟ ಮುಗಿಯಲಿಲ್ಲ. ನನ್ನ 14 ಪುಟ ಅದಕ್ಕೆ ಕಾರಣವೋ ಅಲ್ಲವೋ, ಆ ಭಾರ ನನ್ನ ಜೊತೆಗೇ ಇದೆ.

ಅದಾದ ಮೇಲೆ ಒಂದು ಕ್ರಮ ಮಾಡಿಕೊಂಡೆ. ನೋಟ್‌ಬುಕ್ಕಿನ ಪುಟದಲ್ಲಿ ಮೂರು ಕಾಲಂ. ಎಲ್ಲಿ, ಏನು ಕಂಡೆ, ಏನನ್ನಿಸಿತು. ಹೇಗೆ ಸರಿಮಾಡಬೇಕು ಅನ್ನುವ ಕಾಲಂ ಇಲ್ಲ. ಅವರಾಗಿ ಕೇಳಿದರೆ ಮಾತ್ರ ಹೇಳುತ್ತೇನೆ.

ಕೊಡೆಯ ಆಟಕ್ಕೆ ಬರುತ್ತೇನೆ. ಅದನ್ನು ಮಾಡುತ್ತಿದ್ದವರು ಫಿಲಿಪೀನ್ಸ್‌ನ ಇಬ್ಬರು ಗೆಳತಿಯರು. ಒಬ್ಬರು ಬರೆಯುತ್ತಾರೆ, ಒಬ್ಬರು ಚಿತ್ರ ಬಿಡಿಸುತ್ತಾರೆ. ಭಾಷೆ ಇಂಗ್ಲಿಷ್. ಸುಮಾರು 30,000 ಪದ. ಐದು ಕಡೆ ಆಯ್ಕೆ, ನಾಲ್ಕು ಅಂತ್ಯ. ಅವರು ಬಿಲ್ಡ್, ಅಂದರೆ ಆಡಿ ನೋಡಲು ಕೊಡುವ ಆವೃತ್ತಿ, ಕಳಿಸುವ ಮುಂಚೆ ನಾನು ಎರಡು ಪ್ರಶ್ನೆ ಕೇಳಿದೆ. ಯಾವುದು ಇನ್ನೂ ತಾತ್ಕಾಲಿಕ? ನಿಮಗೆ ಯಾವ ವಿಷಯದಲ್ಲಿ ಅನುಮಾನ ಇದೆ? ಮೊದಲನೆಯದು ಕೇಳಲೇಬೇಕು. ಇಲ್ಲದಿದ್ದರೆ ನಾಳೆ ಬದಲಾಗುವ ಚಿತ್ರದ ಬಗ್ಗೆ ಇವತ್ತು ಅರ್ಧ ಪುಟ ಬರೆದಿರುತ್ತೇವೆ. ಎರಡನೆಯದಕ್ಕೆ ಬರೆಯುವವರು ಹೇಳಿದರು: "ಎರಡನೇ ಅಧ್ಯಾಯ ಉದ್ದವಾಯ್ತಾ ಅಂತ ಭಯ. ಆದರೆ ನೀವು ಅದನ್ನ ಮನಸ್ಸಲ್ಲಿ ಇಟ್ಟುಕೊಂಡು ಓದಬೇಡಿ." ಇಟ್ಟುಕೊಳ್ಳದೆ ಓದುವುದು ಸಾಧ್ಯವಾ? ಪ್ರಯತ್ನ ಮಾಡಿದೆ.

ಮೊದಲ ಸಲ ಆಡುವಾಗ ನನ್ನದು ಒಂದೇ ನಿಯಮ. ಓದುಗಳ ಹಾಗೆ ಓದುವುದು. ಹಿಂದೆ ಹೋಗುವುದಿಲ್ಲ, ಓಡಿಸುವುದಿಲ್ಲ, ಮನಸ್ಸಿಗೆ ಬಂದ ಆಯ್ಕೆ ಒತ್ತುತ್ತೇನೆ. ಪ್ರತಿ ಆಯ್ಕೆಯ ಮುಂಚೆ ಸೇವ್ ಮಾಡುತ್ತೇನೆ. ಪಕ್ಕದಲ್ಲಿ ಗಡಿಯಾರ. ಮೊದಲ ಓದಿಗೆ ಮೂರು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ತಪ್ಪು ಹುಡುಕಲು ಹೋಗುವುದಿಲ್ಲ. ಅದು ತಾನಾಗಿ ಕಾಲಿಗೆ ಎಡವಿದರೆ ಬರೆದುಕೊಳ್ಳುತ್ತೇನೆ. ಮೊದಲ ಓದು ಒಂದೇ ಸಲ ಸಿಗುವುದು. ಅದನ್ನು ತಪ್ಪು ಹುಡುಕುವುದರಲ್ಲಿ ಕಳೆದರೆ ಮತ್ತೆ ಸಿಗುವುದಿಲ್ಲ.

ಸಣ್ಣ ಸಣ್ಣವು ಬಹಳ ಇದ್ದವು. ಸಮುದ್ರದ ದೃಶ್ಯದಲ್ಲಿ ಆಯ್ಕೆಯ ಬಿಳಿ ಅಕ್ಷರಗಳು ಬಿಳಿ ನೊರೆಯ ಮೇಲೆ ಬಂದು ಓದಲಾಗುತ್ತಿರಲಿಲ್ಲ. ಅಡುಗೆಮನೆಯ ಸಂಗೀತ ಮುಗಿದು ಮತ್ತೆ ಶುರುವಾಗುವಾಗ ಒಂದು ಚಿಕ್ಕ ಮೌನ. ಎಂಪಿ3 ಕಡತದಲ್ಲಿ ಸುತ್ತು ಹೊಡೆಸಿದರೆ ಹೀಗಾಗುತ್ತದೆ, ಓಗ್ ಕಡತದಲ್ಲಿ ಆಗುವುದಿಲ್ಲ. ಒಂದು ಕಡೆ ಆಟವೇ ನಿಂತು ಬೂದು ಪರದೆ ಬಂತು. ಆಗ ಆಟದ ಫೋಲ್ಡರ್‌ನಲ್ಲಿ ಟ್ರೇಸ್‌ಬ್ಯಾಕ್ ಅನ್ನುವ ಒಂದು ಕಡತ ತಾನಾಗಿ ತಯಾರಾಗುತ್ತದೆ. ಯಾವ ಸಾಲಿನಲ್ಲಿ ಎಡವಿತು ಅಂತ ಅದರಲ್ಲಿ ಇರುತ್ತದೆ. ಅದನ್ನು ಹಾಗೆಯೇ ಕಳಿಸಿದರೆ ಸಾಕು, ನಮ್ಮ ವಿವರಣೆ ಬೇಕಾಗುವುದಿಲ್ಲ. ಇನ್ನು ಶಿಫ್ಟ್ ಹಿಡಿದು ಎ ಒತ್ತಿದರೆ ಅಕ್ಷರ ದೊಡ್ಡದು ಮಾಡುವ ಪುಟ ಬರುತ್ತದೆ. ನಮ್ಮ ತಂದೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ನಾನು ಪ್ರತಿ ಆಟದಲ್ಲೂ ಅದನ್ನು ನೋಡಿಯೇ ನೋಡುತ್ತೇನೆ. ಅಕ್ಷರ ಒಂದೂವರೆ ಪಟ್ಟು ಮಾಡಿದಾಗ ಉದ್ದ ಸಾಲುಗಳ ಕೊನೆ ಪಟ್ಟಿಯಿಂದ ಹೊರಗೆ ಹೋಯಿತು. ಚಿತ್ರ ಬಿಡಿಸುವವರು ಅದನ್ನು ಎರಡೇ ದಿನದಲ್ಲಿ ಸರಿಮಾಡಿದರು.

ಆದರೆ ನಾನು ಹೇಳಬೇಕಾದ್ದು ಬೇರೆ ಎರಡು ವಿಷಯ.

ಒಂದು, ಆ ಹುಡುಗಿಯನ್ನು ಸಾಕಿದ "ಆಂಟ್". ಓದುತ್ತಾ ಹೋದ ಹಾಗೆ ನನ್ನ ಮನಸ್ಸಿನಲ್ಲಿ ಅವರು ಸೋದರತ್ತೆ ಆಗಿದ್ದರು. ಅಪ್ಪನ ತಂಗಿ. ಹಾಗಾಗಿ ಅವರು ಹುಡುಗಿಯ ತಾಯಿಯ ಬಗ್ಗೆ ಕಟುವಾಗಿ ಆಡಿದ ಮಾತೆಲ್ಲ ನನಗೆ ನಾದಿನಿಯ ಹಳೇ ಮುನಿಸಿನ ಹಾಗೆ ಕೇಳಿಸುತ್ತಿತ್ತು. ಮೂರನೇ ಅಧ್ಯಾಯದಲ್ಲಿ ಗೊತ್ತಾಯಿತು, ಅವರು ತಾಯಿಯ ಸ್ವಂತ ತಂಗಿ. ಚಿಕ್ಕಮ್ಮ! ಎರಡು ಗಂಟೆ ಓದಿದ್ದೆಲ್ಲ ಒಂದೇ ಸಲಕ್ಕೆ ತಲೆಕೆಳಗಾಯಿತು. ಅದು ಮುನಿಸಲ್ಲ, ಸತ್ತ ಅಕ್ಕನ ಮೇಲಿನ ದುಃಖ. ಕನ್ನಡದಲ್ಲಿ ಯೋಚಿಸುವವರಿಗೆ ಅತ್ತೆಯೋ ಚಿಕ್ಕಮ್ಮನೋ ಅಂತ ಗೊತ್ತಾಗದೆ ಆ ವ್ಯಕ್ತಿಯ ಮುಖವೇ ಮೂಡುವುದಿಲ್ಲ. ಬರೆಯುವವರಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯ. ಅವರ ಕಡೆ ಇಬ್ಬರಿಗೂ ತೀತಾ ಅಂತಲೇ ಅನ್ನುತ್ತಾರಂತೆ. "ನಾನು ಬೇಕೆಂದು ಮುಚ್ಚಿಟ್ಟಿರಲಿಲ್ಲ. ಅದು ಮುಚ್ಚಿದೆ ಅಂತಲೇ ಗೊತ್ತಿರಲಿಲ್ಲ" ಅಂದರು.

ಎರಡನೆಯದು, ಅವರು ಹೆದರಿದ್ದ ಎರಡನೇ ಅಧ್ಯಾಯ. ನನ್ನ ನೋಟ್‌ಬುಕ್ಕಿನಲ್ಲಿ ಆ ಭಾಗಕ್ಕೆ ಹೀಗಿತ್ತು: "10.40, ಫೋನ್ ನೋಡಿದೆ. 10.52, ಮತ್ತೆ ಫೋನ್. 10.58, ಎದ್ದು ನೀರು ಕುಡಿದು ಬಂದೆ." ಆ ಅಧ್ಯಾಯದಲ್ಲಿ ಹುಡುಗಿ ಊರಿಗೆ ವಾಪಸ್ ಬಂದು ಮನೆ ಗುಡಿಸುತ್ತಾಳೆ, ಹಳೇ ಪೆಟ್ಟಿಗೆಗಳನ್ನು ತೆರೆಯುತ್ತಾಳೆ. ನಲವತ್ತು ನಿಮಿಷ ಒಂದೂ ಆಯ್ಕೆ ಇಲ್ಲ. ನನಗೆ ಒಳಗೊಳಗೇ ಖಚಿತವಾಗಿತ್ತು: ಇದು ಜಾಸ್ತಿ ಉದ್ದ, ಅರ್ಧಕ್ಕೆ ಕತ್ತರಿಸಬೇಕು. ಬರೆಯಲು ಕೈ ತುರಿಸುತ್ತಿತ್ತು. ಬರೆಯಲಿಲ್ಲ. ಫೋನ್ ನೋಡಿದ ಸಮಯ, ಆಗ ಪರದೆಯ ಮೇಲಿದ್ದ ಸಾಲು, ಇವಷ್ಟನ್ನೇ ಕೊಟ್ಟೆ.

ಅವರಿಂದ ಸ್ವಲ್ಪ ಬಿಸಿಯಾದ ಉತ್ತರ ಬಂತು. "ಸಣ್ಣ ಊರಿನ ದಿನ ಹಾಗೇ ನಿಧಾನ ಇರುತ್ತೆ. ಅದು ಹಾಗೇ ಇರಬೇಕು." ಇರಬಹುದು ಅಂದೆ. ನಾನು ಆ ಊರನ್ನು ನೋಡಿಲ್ಲ. ಫೋನ್ ನೋಡಿದ್ದು ಮಾತ್ರ ನಿಜ.

ಹತ್ತು ದಿನ ಬಿಟ್ಟು ಹೊಸ ಬಿಲ್ಡ್ ಬಂತು. ಅಧ್ಯಾಯ ಒಂದು ಸಾಲೂ ಕಮ್ಮಿ ಆಗಿರಲಿಲ್ಲ. ಬದಲಾಗಿದ್ದು ಒಂದೇ. ತಾಯಿ ತೀರಿಹೋಗಿದ್ದಾರೆ ಅನ್ನುವ ಸುದ್ದಿ ಮೊದಲು ಅಧ್ಯಾಯದ ಕೊನೆಯಲ್ಲಿ ಬರುತ್ತಿತ್ತು. ಈಗ ಅದು ಮೊದಲನೇ ನಿಮಿಷದಲ್ಲೇ ಬಂದುಬಿಡುತ್ತದೆ. ಆಂಟ್ ಬಾಯಲ್ಲಿ, "ನನ್ನ ಅಕ್ಕ" ಅನ್ನುವ ಪದದ ಜೊತೆಗೆ. ಅಷ್ಟೇ. ಅದೇ ಗುಡಿಸುವುದು, ಅದೇ ಪೆಟ್ಟಿಗೆಗಳು. ಆದರೆ ಈಗ ಪ್ರತಿ ಪೆಟ್ಟಿಗೆ ತೆರೆಯುವಾಗಲೂ ನನ್ನ ಉಸಿರು ಬಿಗಿಯಾಗುತ್ತಿತ್ತು. ಒಂದು ಹಳೇ ಬಾಚಣಿಗೆ ಸಿಕ್ಕಾಗ ಅಳು ಬಂತು. ಮೊದಲ ಓದಿನಲ್ಲಿ ಅದೇ ಬಾಚಣಿಗೆಯ ಸಾಲಿನ ಹತ್ತಿರ ನಾನು ಫೋನ್ ನೋಡಿದ್ದೆ. ಅವತ್ತು ಅರ್ಧಕ್ಕೆ ಕತ್ತರಿಸಿ ಅಂತ ನಾನು ಬರೆದಿದ್ದರೆ, ಅವರು ಮಾತು ಕೇಳಿದ್ದರೆ, ಬಾಚಣಿಗೆಯೇ ಹೋಗುತ್ತಿತ್ತು.

ಇಷ್ಟವಾದದ್ದನ್ನೂ ಸಮಯ ಹಾಕಿ ಬರೆಯುವುದು ನನ್ನ ಅಭ್ಯಾಸ. ಹೊಗಳಲಿಕ್ಕಲ್ಲ. ಮಾಡಿದವರಿಗೆ ತಮ್ಮ ಆಟ ನೂರು ಸಲ ಓದಿ ಓದಿ ಸವೆದುಹೋಗಿರುತ್ತದೆ. ತಮಾಷೆ ಯಾವುದು ತಮಾಷೆ ಅಂತ ಅವರಿಗೇ ಗೊತ್ತಾಗುವುದಿಲ್ಲ. ಈ ಆಟದಲ್ಲಿ ಒಂದು ಟೀ ಅಂಗಡಿಯ ದೃಶ್ಯ ಇತ್ತು. "ಇಲ್ಲಿ ನಕ್ಕೆ, ಜೋರಾಗಿ" ಅಂತ ಬರೆದಿದ್ದೆ. ಆ ದೃಶ್ಯವನ್ನು ತೆಗೆಯಬೇಕು ಅಂತ ಅವರು ಅವತ್ತೇ ತೀರ್ಮಾನ ಮಾಡಿದ್ದರಂತೆ. ನನ್ನ ಒಂದು ಸಾಲು ನೋಡಿ ಉಳಿಸಿಕೊಂಡರು.

ಕೊಡೆಯ ತಪ್ಪು ಸಿಕ್ಕಿದ್ದು ಎರಡನೇ ಸುತ್ತಿನಲ್ಲಿ. ಐದು ಕಡೆ ಎರಡೆರಡು ಆಯ್ಕೆ ಅಂದರೆ ಒಟ್ಟು 32 ದಾರಿ. ಎಲ್ಲವನ್ನೂ ಮೊದಲಿಂದ ಓದುವುದು ಆಗದ ಮಾತು. ಅದಕ್ಕೆ ಸೇವ್‌ಗಳು. ಒಂದು ಹಾಳೆಯ ಮೇಲೆ ಮರದ ಕೊಂಬೆಗಳ ಹಾಗೆ ಗೆರೆ ಎಳೆದು, ಹೋಗಿಬಂದ ಕೊಂಬೆಗೆ ಗುರುತು ಹಾಕುತ್ತಾ ಹೋಗುತ್ತೇನೆ. ಓದಿದ್ದನ್ನು ಓಡಿಸುವಾಗ, ಹೊಸ ಸಾಲು ಬಂದ ಕೂಡಲೇ ರೆನ್‌ಪೈ ತಾನಾಗಿ ನಿಲ್ಲುತ್ತದೆ. ಎಲ್ಲಿ ನಿಂತಿತೋ ಅಲ್ಲಿ ನನ್ನ ಆಯ್ಕೆಗೆ ಬೆಲೆ ಸಿಕ್ಕಿದೆ ಅಂತ ಅರ್ಥ. ಎಲ್ಲೂ ನಿಲ್ಲದೆ ಓಡಿದರೆ, ಆ ಆಯ್ಕೆ ಏನನ್ನೂ ಬದಲಿಸಲಿಲ್ಲ ಅಂತ. ಕೊಡೆ ಕೊಡದೆ ಹೋದಾಗ ಮೆಟ್ಟಿಲಿನ ತನಕವೂ ನಿಲ್ಲದೆ ಓಡಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಬರೆಯುವವರು ಕಾರಣ ಹುಡುಕಿ ಹೇಳಿದರು. ನಾನು ಅದನ್ನು ಇವತ್ತಿಗೂ ಮರೆತಿಲ್ಲ. ಕೊಡೆ ಕೊಟ್ಟರೆ "ಹೌದು" ಅನ್ನುವ ಪದವನ್ನೂ, ಕೊಡದಿದ್ದರೆ "ಇಲ್ಲ" ಅನ್ನುವ ಪದವನ್ನೂ ಆಟ ನೆನಪಿಟ್ಟುಕೊಳ್ಳುವ ಹಾಗೆ ಬರೆದಿದ್ದರು. ಮೆಟ್ಟಿಲಿನ ಹತ್ತಿರ, ಕೊಡೆಯ ಜಾಗದಲ್ಲಿ ಏನಾದರೂ ಇದೆಯಾ ಅಂತ ಮಾತ್ರ ಆಟ ನೋಡುತ್ತಿತ್ತು. ಪೈಥಾನ್‌ಗೆ ಖಾಲಿಯಲ್ಲದ ಯಾವ ಪದವಾದರೂ ನಿಜವೇ. "ಇಲ್ಲ" ಅನ್ನುವ ಪದವೂ ಒಂದು ಪದ ತಾನೇ? ಹಾಗಾಗಿ ಇಲ್ಲ ಅಂದರೂ ಅದಕ್ಕೆ ಹೌದು ಅಂತಲೇ ಕೇಳಿಸುತ್ತಿತ್ತು. ಪದಗಳನ್ನು ತೆಗೆದು ನಿಜ, ಸುಳ್ಳು ಅನ್ನುವ ಬೆಲೆ ಇಟ್ಟರು.

ಹೊಸ ಬಿಲ್ಡ್‌ನಲ್ಲಿ, ಕೊಡೆ ಕೊಡದೆ ಹೋದ ಮೇಲೆ ಮಾಡಿದ್ದ ನನ್ನ ಒಂದು ಹಳೇ ಸೇವ್ ತೆರೆದು ನೋಡಿದೆ. ಹುಡುಗಿ ಮತ್ತೆ ಕೊಡೆಗೆ ಧನ್ಯವಾದ ಹೇಳಿದಳು! ಸರಿಯಾಗಿಲ್ಲ ಅಂತ ಬರೆದು ಕಳಿಸಿದೆ. ಅವರು ಒಂದು ಸಂಜೆ ಪೂರ್ತಿ ತಲೆಕೆಡಿಸಿಕೊಂಡರು. ನನ್ನ ಸೇವ್‌ನೊಳಗೆ ಹಳೇ "ಇಲ್ಲ" ಹಾಗೆಯೇ ಕೂತಿತ್ತು. ಹೊಸ ಬಿಲ್ಡ್ ಬಂದರೆ ಮೊದಲಿಂದ ಆಡಬೇಕು. ಗೊತ್ತಿದ್ದೂ ಆತುರಪಟ್ಟೆ, ಅವರ ಸಂಜೆ ಹಾಳಾಯಿತು. ಈಗ ನೋಟ್‌ಬುಕ್ಕಿನ ಪ್ರತಿ ಪುಟದ ಮೇಲೆ ಮೊದಲು ಬಿಲ್ಡ್ ನಂಬರ್ ಬರೆಯುತ್ತೇನೆ. ಆಮೇಲೆ ಹೊಸ ಆಟವೋ ಹಳೇ ಸೇವೋ ಅಂತ.

ಮೊದಲಿಂದ ಆಡಿದಾಗ ಮೆಟ್ಟಿಲಿನ ದೃಶ್ಯ ಬೇರೆಯಾಗಿತ್ತು. "ತಪ್ಪಿತಸ್ಥಳ ಹಾಗೆ ಅನ್ನಿಸಿತು" ಅಂತ ನಾನು ಬರೆದಿದ್ದೆನಲ್ಲ, ಬರೆಯುವವರು ಹಿಡಿದುಕೊಂಡಿದ್ದು ಅದನ್ನು. ಕೊಡೆ ಕೊಡದ ದಾರಿಯಲ್ಲಿ ಈಗ ಹುಡುಗಿ ಆ ದಿನದ ಮಾತೇ ಎತ್ತುವುದಿಲ್ಲ. ಮೋಡ ನೋಡುತ್ತಾಳೆ. ತನ್ನ ಬ್ಯಾಗಿನಿಂದ ಎರಡು ಕೊಡೆ ತೆಗೆದು ಒಂದನ್ನು ನನ್ನ ಪಾತ್ರದ ಪಕ್ಕ ಇಡುತ್ತಾಳೆ. ಮಾತಿನ ಪಟ್ಟಿ ಖಾಲಿ. ಮಳೆಯ ಸದ್ದು ಮಾತ್ರ.

ಇದೆಲ್ಲ ಆಗಿ ಕೆಲವು ತಿಂಗಳಿಗೆ ಶಿವಮೊಗ್ಗದ ಕಡೆಯ ಒಬ್ಬ ಹುಡುಗ, ಕಾಲೇಜು ಓದುವವನು, ನನ್ನನ್ನು ಕೇಳಿದ: "ಅಕ್ಕಾ, ಕನ್ನಡದಲ್ಲಿ ಒಂದು ಮಾಡ್ತಾ ಇದೀನಿ. ನೋಡ್ತೀರಾ?" ನನಗಾದ ಸಂತೋಷ ಹೇಳಲಾರೆ. ಇಷ್ಟು ವರ್ಷ ಓದಿದ್ದೆಲ್ಲ ಇಂಗ್ಲಿಷಿನಲ್ಲಿ.

ಅವನು ಮೊದಲು ಕಳಿಸಿದ ಬಿಲ್ಡ್‌ನಲ್ಲಿ ಒಂದು ಅಕ್ಷರವೂ ಕಾಣಲಿಲ್ಲ, ಬರೀ ಚೌಕಗಳು. ರೆನ್‌ಪೈ ಜೊತೆಗೆ ಬರುವ ಡೇಜಾವು ಫಾಂಟ್‌ನಲ್ಲಿ ಕನ್ನಡ ಇಲ್ಲ. ನೋಟೊ ಸ್ಯಾನ್ಸ್ ಕನ್ನಡ ಹಾಕಿದ. ಅಕ್ಷರ ಬಂದವು, ಆದರೆ ಒತ್ತಕ್ಷರ ಎಲ್ಲ ಬಿಡಿಬಿಡಿ. "ಅಮ್ಮ" ಅನ್ನುವುದು "ಅಮ್‌ಮ" ಆಗಿತ್ತು. "ಕ್ಷಮಿಸು" ಅನ್ನುವುದು "ಕ್‌ಷಮಿಸು". ಅವನ ಹತ್ತಿರ ಇದ್ದದ್ದು ಹಳೇ ರೆನ್‌ಪೈ. 2023ರಲ್ಲಿ ಬಂದ 8.1ರಿಂದ ಅದು ಅಕ್ಷರ ಜೋಡಿಸುವ ಕೆಲಸಕ್ಕೆ ಹಾರ್ಫ್‌ಬಜ್ ಬಳಸುತ್ತದೆ. ಒತ್ತು, ಕೊಂಬು ಎಲ್ಲ ತಂತಮ್ಮ ಜಾಗಕ್ಕೆ ಬರುತ್ತವೆ. ಹೊಸದಕ್ಕೆ ಬದಲಿಸಿದ ರಾತ್ರಿ ಅವನು ಒಂದೇ ಪದ ಇರುವ ಸ್ಕ್ರೀನ್‌ಶಾಟ್ ಕಳಿಸಿದ. "ಅಮ್ಮ." ಸರಿಯಾಗಿ ಕೂತ ಒತ್ತಕ್ಷರ.

ಕಥೆ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯದ್ದು. ಅಂಗಡಿ ನೋಡಿಕೊಳ್ಳುವ ಯುವತಿ, ಅಲ್ಲಿಗೆ ಹೊಸದಾಗಿ ಕೆಲಸಕ್ಕೆ ಸೇರುವ ನಾವು. ಓದುತ್ತಾ ನನಗೆ ಒಂದು ವಿಷಯ ಹೊಳೆಯಿತು. ಕನ್ನಡದಲ್ಲಿ "ಬಂದೆ" ಅಂದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. "ಬಂದ್ರಾ?" ಅಂದರೂ ಅಷ್ಟೇ. ಹಾಗಾಗಿ ಆಡುವವರು ಯಾರಾದರೂ ಆ ಪಾತ್ರದೊಳಗೆ ಸಲೀಸಾಗಿ ಕೂತುಕೊಳ್ಳಬಹುದು. ನಾನು ಹಾಗೆ ಹಾಯಾಗಿ ಕೂತಿದ್ದೆ. ಅರ್ಧ ಗಂಟೆ ಆದ ಮೇಲೆ ಹೂ ಮಾರುವ ಅಜ್ಜಿ ಪಕ್ಕದವರಿಗೆ ಹೇಳಿದರು: "ಹೊಸಬ ಬಂದ್ನಲ್ಲ, ಒಳ್ಳೇ ಹುಡುಗ." ಯಾರೋ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಹಾಗಾಯಿತು. ಹಾಗೆಯೇ ಬರೆದೆ. ಅವನಿಗೆ ಅದು ಗೊತ್ತೇ ಇರಲಿಲ್ಲ.

ಇನ್ನೊಂದು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಇಬ್ಬರೂ ಒಂದು ವರ್ಷ ಜೊತೆಗೆ ಕೆಲಸ ಮಾಡುತ್ತಾರೆ. ಒಬ್ಬರ ಕಷ್ಟ ಒಬ್ಬರು ನೋಡುತ್ತಾರೆ. ಆಟದ ಕೊನೆಯ ತನಕವೂ ನೀವು, ನೀವು. ಏಕವಚನ ಹಾಕು ಅಂತ ಹೇಳುವುದು ಸುಲಭ ಇತ್ತು. ನಾನು ಬರೆದದ್ದು ಇಷ್ಟು: "ನಾಲ್ಕನೇ ತಿಂಗಳು, ಕರೆಂಟ್ ಹೋದ ದೃಶ್ಯ. ಅಲ್ಲಿಂದ ಕೊನೆಯ ತನಕ, ಇವರು ಯಾವಾಗ ನೀನು ಅಂತಾರೋ ಅಂತ ಕಾಯ್ತಾ ಇದ್ದೆ."

ಅವನು "ಸರಿ ಅಕ್ಕ" ಅಂತ ಮಾತ್ರ ಉತ್ತರ ಕೊಟ್ಟ. ಮೂರು ವಾರ ಏನೂ ಬರಲಿಲ್ಲ. ಆಮೇಲೆ ಒಂದು ಶನಿವಾರ ರಾತ್ರಿ ಹೊಸ ಬಿಲ್ಡ್ ಬಂತು. ಹಳೇ ಸೇವ್ ಮುಟ್ಟಲಿಲ್ಲ, ಮೊದಲಿಂದ ಆಡಿದೆ. ಕರೆಂಟ್ ಹೋಯಿತು. ಝೆರಾಕ್ಸ್ ಯಂತ್ರದ ಸದ್ದು ನಿಂತಿತು. ಅವಳು ಮೇಣದಬತ್ತಿ ಹಚ್ಚಿ ಮೇಜಿನ ಮೇಲೆ ಇಟ್ಟಳು. ಹಿಂದಿನ ಬಿಲ್ಡ್‌ನಲ್ಲಿ ಇಲ್ಲಿ ಆಯ್ಕೆ ಇರಲಿಲ್ಲ. ಈಗ ಎರಡು ಬಟನ್ ಬಂದವು.

"ನಿಮ್ದು ಊಟ ಆಯ್ತಾ?"

"ನಿಂದು ಊಟ ಆಯ್ತಾ?"

ಮೌಸ್ ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. ನೋಟ್‌ಬುಕ್ಕಿನಲ್ಲಿ ಸಮಯ ಬರೆಯುವುದೂ ಮರೆತುಹೋಯಿತು. ಮೊದಲು ಸೇವ್ ಮಾಡಿದೆ. ಆಮೇಲೆ ಎರಡನೆಯದನ್ನು ಒತ್ತಿದೆ.